ಏಳನೆಯ ಕಲಮು ಮತ್ತು ನಲವತ್ತೊಂದು ಪಾತ್ರೆಗಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ನನ್ನ ಹೆಂಡತಿ, ಅವಳ ತವರಿನವರು, ಘಾಟ್ಕೋಪರಿನ ನಮ್ಮ ಚಾಳಿನ ಇಪ್ಪತ್ತೆರಡು ಬಿಡಾರದವರು, ಎಲ್ಲರೂ ಸೇರಿ ತಪ್ಪು ಈ ಸಿದ್ದಲಿಂಗಪ್ಪನದೇ ಎಂದು ತೀರ್ಪು ಕೊಟ್ಟು ಆಗಿದೆ. ಕೊಡಲಿ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಇದೇ ಐವತ್ತನಾಲ್ಕನೆಯ ಇಸವಿಯ ಮಾತು. ಧಾರವಾಡದ ಕಚೇರಿಯಿಂದ ನನ್ನನ್ನು ಮುಂಬಯಿಗೆ ವರ್ಗ ಮಾಡಿದರು. ನಾಲ್ಕು ದಿನದಲ್ಲಿ ಹಾಜರಾಗಬೇಕು. ಪರಿಚಯದವರ ಕಾಲುಕೈ ಹಿಡಿದು ಘಾಟ್ಕೋಪರಿನಲ್ಲಿ ಒಂದು ಖೋಲಿ ಗೊತ್ತುಮಾಡಿಕೊಂಡಿದ್ದೆ. ಮುಂಬಯಿಯಲ್ಲಿ ಖಾಲಿ ಖೋಲಿಗೆ ಬೀಗ ಹಾಕಿ ಬಂದರೆ ಮರುದಿನ ಒಳಗಿನಿಂದ ಬೇರೆಯವರು ಚಿಲಕ ಹಾಕಿಕೊಂಡಿರುತ್ತಾರೆ ಎಂದು ಎಲ್ಲರೂ ಹೆದರಿಸಿದರು. ಆದ್ದರಿಂದ ಗಂಡಹೆಂಡಿರಿಬ್ಬರೂ ಕೂಡಲೇ ಹೋಗಿ ಅಲ್ಲಿ ಕೂತುಕೊಳ್ಳುವುದು, ಮನೆಯ ಸಾಮಾನನ್ನು ನಮ್ಮ ಗೈರುಹಾಜರಿಯಲ್ಲಿ ಯಾರಾದರೂ ಕಟ್ಟಿ ಕಳಿಸುವುದು ಎಂದಾಯಿತು.

"ನಮ್ಮ ಸಂಗಪ್ಪಣ್ಣ ಅದಾನಲ್ಲ" ಎಂದಳು ನನ್ನ ಹೆಂಡತಿ ರಾಚವ್ವ. "ನವಲಗುಂದದಿಂದ ಬಂದು ಎಲ್ಲಾ ಕಟ್ಟಿ, ಸಾಮಾನಿನ ಜೋಡಿ ತಾನೂ ಮುಂಬೈತನಕ ಬರ್ತಾನ."

ಇಲ್ಲಿ ನನ್ನ ಭಾವಮೈದುನನ ಬಗ್ಗೆ ಎರಡು ಮಾತು ಹೇಳಲೇಬೇಕು. ಸಂಗಪ್ಪ ಒಳ್ಳೆಯವನು. ಹಿಂದೆ ಒಮ್ಮೆ ನಾಲ್ಕು ದಿನಕ್ಕೆಂದು ನಮ್ಮ ಮನೆಗೆ ಬಂದು ಹನ್ನೊಂದು ವಾರ ಇದ್ದ. ಅಷ್ಟೂ ದಿನ ನಾನು ಮೊಳೆ ಹೊಡೆದರೂ, ಗಡಿಯಾರಕ್ಕೆ ಕೀಲಿ ಕೊಟ್ಟರೂ ಹಿಂದೆ ನಿಂತು, "ಮಾವಾರ, ಅದು ಹಂಗಲ್ಲ" ಎನ್ನುತ್ತಿದ್ದ. (ನಾನು ಊಟ ಮಾಡುವಾಗಲೂ ಒಮ್ಮೆ ಹಾಗೆಂದ.) ಅಂಥವನು ಮುಂಬಯಿಯ ಹತ್ತಡಿ ಖೋಲಿಗೆ ಬಂದರೆ ನಾನು ಲೋಕಲ್ ಗಾಡಿಯಲ್ಲೇ ಸಂಸಾರ ಹೂಡಬೇಕಾಗುತ್ತಿತ್ತು.

"ಸಂಗಪ್ಪ ಬ್ಯಾಡ. ಈ ಕೆಲಸಕ್ಕಂತನ ಮಂದಿ ಇರ್ತಾರ. ಗದಿಗೆಪ್ಪಗ ಹೇಳ್ತೀನಿ" ಎಂದೆ.

ಗದಿಗೆಪ್ಪ ಧಾರವಾಡದಲ್ಲಿ ಎರಡು ಚಕ್ಕಡಿ, ಒಂದು ಹಳೆಯ ಲಾರಿ ಇಟ್ಟುಕೊಂಡು ಮನೆ ಸಾಮಾನು ಸಾಗಿಸುವವನು. ಪ್ರಾಮಾಣಿಕತೆಗೆ ಹೆಸರುವಾಸಿ.

"ನೋಡ್ರಿ, ನಿಮ್ಮ ಕುರ್ಚಿ ಮುರೀಲಿ, ನಿಮ್ಮ ಪುಸ್ತಕ ತೊಯ್ಲಿ, ನಾ ಕೇಳಂಗಿಲ್ಲ" ಎಂದಳು ರಾಚವ್ವ. "ನನ್ನ ಭಾಂಡಿ ಮಾತ್ರ ಒಂದೂ ತಪ್ಪಬಾರದು. ಅವು ಬರೇ ಹಿತ್ತಾಳಿ ಅಲ್ಲ, ನನ್ನ ತವರು."

"ಒಂದು ಚಮಚಾ ಕಡಿಮಿ ಆದ್ರ ನನ್ನ ಹೆಸರು ಸಿದ್ದಲಿಂಗಪ್ಪ ಅಲ್ಲ" ಎಂದು ಎದೆ ತಟ್ಟಿಕೊಂಡೆ.

ಆದರೆ ಒಂದು ತೊಡಕಿತ್ತು. ಧಾರವಾಡದಲ್ಲಿ ನಾವಿದ್ದದ್ದು ಮೂರು ಬಿಡಾರದ ವಾಡೆ. ಒಂದೇ ಹಿತ್ತಲು, ಒಂದೇ ಬಾವಿಕಟ್ಟೆ. ಅಲ್ಲಿ ತೊಳೆದಿಟ್ಟ ಪಾತ್ರೆಗಳು ಯಾವ ಅಡುಗೆಮನೆ ಹತ್ತಿರವೋ ಅಲ್ಲಿಗೆ ಹೋಗಿ ಸೇರುತ್ತಿದ್ದವು. ವಾಡೆಯ ಹೆಂಗಸರು ಹೆಸರು ನೋಡಿ ಬದಲಾಯಿಸಿಕೊಳ್ಳುತ್ತಿದ್ದರು. ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಇಪ್ಪತ್ತು ವರ್ಷ ಸರಕಾರಿ ಕರಡು ಬರೆದ ಕೈ. ಕೂತು ಹನ್ನೊಂದು ಕಲಮುಗಳ ಒಂದು ಸ್ಥಳಾಂತರ ಶಾಸನವನ್ನೇ ರಚಿಸಿದೆ. ಅದರ ಕಿರೀಟ ಏಳನೆಯ ಕಲಮು: "ಪ್ರತಿಯೊಂದು ಪಾತ್ರೆಯ ಮೇಲಿನ ಹೆಸರನ್ನು ಓದತಕ್ಕದ್ದು. ಅನ್ಯರ ಹೆಸರುಳ್ಳ ಪಾತ್ರೆಯನ್ನು ಯಾವ ಕಾರಣಕ್ಕೂ ಮುಂಬಯಿಗೆ ತರತಕ್ಕದ್ದಲ್ಲ. ಸದರಿ ಹೆಸರಿನವರಿಗೆ ಖುದ್ದಾಗಿ ಮುಟ್ಟಿಸಿ ಸಹಿ ಪಡೆಯತಕ್ಕದ್ದು."

ಇದನ್ನು ಗದಿಗೆಪ್ಪನ ಕೈಗಿಟ್ಟೆ, ರಾಚವ್ವನಿಗೆ ಓದಿ ತೋರಿಸಲಿಲ್ಲ. ಕಾಯಿದೆ ಮಾಡುವವನು ಅಡುಗೆಮನೆಯ ಅನುಮತಿ ಕೇಳುವುದುಂಟೆ?

ಘಾಟ್ಕೋಪರಿನಲ್ಲಿ ಮೂರು ವಾರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಡನೆ ಕಳೆದೆವು. ಪಕ್ಕದ ಗುಜರಾತಿ ಬಾಯಿ ಎರಡು ಪಾತೇಲಿ, ಎರಡು ತಾಟು ಎರವಲು ಕೊಟ್ಟಿದ್ದಳು. ರಾಚವ್ವ ನಲ್ಲಿಯ ಸಾಲಿನಲ್ಲಿ ನಿಂತಾಗಲೆಲ್ಲ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಮೇರಾ ಭಾಂಡಾ ಆನೇದೋ, ಫಿರ್ ದೇಖೋ." ನನ್ನ ಪಾತ್ರೆಗಳು ಬರಲಿ, ಆಮೇಲೆ ನೋಡಿ ಎಂದು. ಇಡೀ ಚಾಳು ನೋಡಲು ಕಾದಿತ್ತು.

ಒಂದು ಭಾನುವಾರ ಲಾರಿ ಬಂತು. ಮೂರು ಮಜಲೆಯ ಗ್ಯಾಲರಿಯಲ್ಲೂ ಜನ. ಮಂಚ ಇಳಿಯಿತು, ಕುರ್ಚಿ ಇಳಿಯಿತು, ನನ್ನ ಹಳೆಯ ವರ್ತಮಾನ ಪತ್ರಿಕೆಗಳ ನಾಲ್ಕು ಗಂಟು ಜೋಪಾನವಾಗಿ ಇಳಿದವು. ಕೊನೆಗೆ ದೊಡ್ಡದೊಂದು ಮರದ ಪೆಟ್ಟಿಗೆ. ರಾಚವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಮುಚ್ಚಳ ತೆಗೆದಳು. ಒಳಗೆ ಹುಲ್ಲು. ಹುಲ್ಲಿನೊಳಗೆ ಹುಲ್ಲು. ತಳದಲ್ಲಿ ಒಂದು ತಂಬಿಗೆ, ಒಂದು ಕಾಗದದ ಕಟ್ಟು.

ತಂಬಿಗೆ ನನ್ನದೇ. ಹಾಸ್ಟೆಲಿನಲ್ಲಿದ್ದಾಗ ಕಳುವಾಗದಿರಲೆಂದು ಹೆಸರು ಕೊರೆಸಿದ್ದೆ. (ಬೆಳಗಿನ ಹೊತ್ತು ಮನೆಯಿಂದ ಹೊರಗೆ ಒಯ್ಯುವ ತಂಬಿಗೆ, ಹೆಚ್ಚು ವಿವರ ಬೇಡ.) ಕಟ್ಟಿನಲ್ಲಿ ನಲವತ್ತೊಂದು ಪಾತ್ರೆಗಳ ರಸೀದಿಗಳು, ಕೆಲವಕ್ಕೆ ಸಹಿ, ಕೆಲವಕ್ಕೆ ಹೆಬ್ಬೆಟ್ಟು. ಜೊತೆಗೆ ಗದಿಗೆಪ್ಪನ ಪತ್ರ: "ಸಾಹೇಬರ, ನಿಮ್ಮ ಹೆಸರಿನ ಭಾಂಡಿ ಒಂದ ಸಿಕ್ತು, ಕಳಿಸೀನಿ. ಉಳಿದ ನಲವತ್ತೊಂದು ಮಂದಿಯವು. ಹುಬ್ಬಳ್ಳಿ, ನವಲಗುಂದ, ಹೆಬ್ಬಳ್ಳಿ ಎಲ್ಲಾ ಕಡೆ ತಿರುಗಿ ಮುಟ್ಟಿಸೀನಿ. ನಡುವ ನನಗೂ ಒಂದೀಟು ಸಂಶಯ ಬಂತು. ಆದರ ಹತ್ತನೇ ಕಲಮಿನ್ಯಾಗ, ಸ್ವಂತ ಬುದ್ಧಿ ಉಪಯೋಗಿಸತಕ್ಕದ್ದಲ್ಲ ಅಂತ ನೀವ ಬರದಿದ್ರಿ."

ರಾಚವ್ವ ರಸೀದಿಗಳನ್ನು ಒಂದೊಂದಾಗಿ ನೋಡಿದಳು. ಸೋದರತ್ತೆ ಮಲ್ಲವ್ವ, ಹಂಡೆ ಒಂದು. ಅಪ್ಪ, ಕೊಪ್ಪರಿಗೆ ಎರಡು. ಅಣ್ಣ ಸಂಗಪ್ಪ, ಕೊಡ ಒಂದು.

"ಇವೆಲ್ಲಾ ನನ್ನ ಲಗ್ನದಾಗ ಆಯೇರಿ ಬಂದ ಭಾಂಡಿ" ಎಂದಳು. "ಆಯೇರಿ ಕೊಟ್ಟವರು ತಮ್ಮ ಹೆಸರ ಕೊರಸ್ತಾರ. ನಿಮ್ಮ ಹೆಸರ ಯಾಕ ಕೊರಸ್ತಾರ? ನೀವು ಕೊಟ್ಟಿದ್ದೇನು?"

ಒಂಬತ್ತು ವರ್ಷ ಆ ತಾಟುಗಳಲ್ಲಿ ಉಂಡಿದ್ದೆ. ಒಂದನ್ನೂ ತಿರುಗಿಸಿ ಓದಿರಲಿಲ್ಲ. ಉಣ್ಣುವ ಹೊತ್ತಿನಲ್ಲಿ ತಾಟನ್ನು ಯಾರು ಬೋರಲು ಹಾಕಿ ಓದುತ್ತಾರೆ, ನೀವೇ ಹೇಳಿ.

ಪಾತ್ರೆ ಹೋದದ್ದಕ್ಕಿಂತ ದೊಡ್ಡ ಅನಾಹುತ ಅಂಚೆಯಲ್ಲಿ ಬರತೊಡಗಿತು. ನಮ್ಮ ಕಡೆ ಮದುವೆಯ ಉಡುಗೊರೆಯಾದ ಆಯೇರಿಯನ್ನು ತಿರುಗಿ ಕಳಿಸುವುದೆಂದರೆ ನಿಮ್ಮ ನಮ್ಮ ಸಂಬಂಧ ಮುಗಿಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳುವುದು. ಅದೂ ಕೂಲಿಯವನ ಕೈಯಲ್ಲಿ, ಸಹಿ ತೆಗೆದುಕೊಂಡು! ಮಲ್ಲವ್ವತ್ತೆ ಬರೆಸಿದ್ದಳು: "ನಮ್ಮವ್ವ ರಾಚವ್ವ, ಹಂಡೆ ಮುಟ್ಟಿತು. ಮುಂಬೈಗೆ ಹೋದವರಿಗೆ ನಾವು ಬ್ಯಾಡಾದೆವು. ಇನ್ನ ನಮ್ಮ ದಾರಿ ನಮಗ." ಅದನ್ನು ಓದಿ ರಾಚವ್ವ ಅತ್ತಳು. ಅವಳು ಜಗಳಾಡಿದರೆ ನನಗೆ ಉತ್ತರ ಕೊಡಲು ಬರುತ್ತದೆ. ಅವಳು ಅಳುವುದನ್ನು ನೋಡಲು ನನಗೆ ಆಗುವುದಿಲ್ಲ.

ಆದರೂ ನಾನು ಜಗ್ಗಲಿಲ್ಲ. ರಸೀದಿಗೊಂದರಂತೆ ಕಾರ್ಡು ತಂದು ಬರೆಯಲು ಕೂತೆ: "ಸದರಿ ಏಳನೆಯ ಕಲಮು ತತ್ವಶಃ ಸರಿಯಾಗಿದ್ದು..." ರಾಚವ್ವ ಕಾರ್ಡು ಕಸಿದು ಹರಿದಳು.

ಆ ವಾರವೇ ಸಂಗಪ್ಪ ಬಂದಿಳಿದ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ಹಿರಿಯರ ನಿರ್ಣಯ ಹೇಳಿದ:

"ಮಾವಾರ, ಎಲ್ಲಾರೂ ಮಲ್ಲವ್ವತ್ತಿ ಮನ್ಯಾಗ ಕೂಡಿದ್ರು. ಭಾಂಡಿ ಯಾರೂ ಕಳಸಂಗಿಲ್ಲ. ಅಳಿಯ ಖುದ್ದ ಬರಬೇಕು. ರುಮಾಲ ಸುತಗೊಂಡು, ಒಂದೊಂದು ಮನ್ಯಾಗ ಕುಂತು ಉಂಡು, ಕೈಯಾರೆ ಆಯೇರಿ ತಗೊಂಡು, ತಾವ ಹೊತಗೊಂಡು ಹೋಗಬೇಕು."

"ಲಾರಿಯೊಳಗ ಹಾಕಿದ್ರ?"

"ಅದು ಹಂಗಲ್ಲ" ಎಂದ ಸಂಗಪ್ಪ.

"ನಾನು ಹೋಗೂದಿಲ್ಲ!" ಎಂದು ಗುಡುಗಿದೆ. "ನಾನು ಸರಕಾರಿ ನೌಕರ. ಹಂಡೆ ಹೊರೂದು ನನ್ನ ಕೆಲಸ ಅಲ್ಲ. ಸೂರ್ಯ ಪಶ್ಚಿಮಕ್ಕ ಹುಟ್ಟಿದ್ರೂ ಹೋಗೂದಿಲ್ಲ!"

ರಾಚವ್ವ ಎದ್ದು ಗುಜರಾತಿ ಬಾಯಿಯ ಪಾತೇಲಿ, ತಾಟು ಎಲ್ಲ ತೊಳೆದು ವಾಪಸು ಕೊಟ್ಟು ಬಂದಳು. "ಮಂದಿ ಭಾಂಡಿ ಮನ್ಯಾಗ ಇಟ್ಟುಕೊಳ್ಳೂದು ನಿಮ್ಮ ಕಾಯಿದೆಗೆ ಬರಂಗಿಲ್ಲ" ಎಂದು ಹೇಳಿ, ಸ್ಟೋ ಹಚ್ಚಿ, ನನ್ನ ಹೆಸರಿನ ಏಕೈಕ ತಂಬಿಗೆಯನ್ನು ಅದರ ಮೇಲಿಟ್ಟು ಅಕ್ಕಿ ತೊಳೆಯತೊಡಗಿದಳು.

ಅನ್ನ ಕುದಿಯುವ ಮೊದಲೇ ನಾನು ರಜೆಯ ಅರ್ಜಿ ಬರೆದು ಮುಗಿಸಿದ್ದೆ. (ಇದು ಸೋಲಲ್ಲ. ಆರೋಗ್ಯದ ಪ್ರಶ್ನೆ.)

ಈಗ ಆರು ಶನಿವಾರಗಳಾದವು. ಶನಿವಾರ ಗಾಡಿ ಹತ್ತುತ್ತೇನೆ, ಪುಣೆಯಲ್ಲಿ ದೊಡ್ಡ ಗಾಡಿ ಬಿಟ್ಟು ಸಣ್ಣ ಗಾಡಿ ಹಿಡಿಯುತ್ತೇನೆ. ಭಾನುವಾರ ರುಮಾಲು ಸುತ್ತಿಕೊಂಡು ನಾಲ್ಕೈದು ಮನೆಗಳಲ್ಲಿ ಹೋಳಿಗೆ ತಿನ್ನುತ್ತೇನೆ. ಪ್ರತಿ ಮನೆಯಲ್ಲೂ ಬೈಗುಳ ಒಂದೇ, ಹೋಳಿಗೆಯ ಹೂರಣ ಮಾತ್ರ ಬೇರೆ. ಮಲ್ಲವ್ವತ್ತೆ ಬೈದು, ಉಣಿಸಿ, ಕೊನೆಗೆ ಕಣ್ಣೀರು ಒರೆಸಿಕೊಂಡು ಹಂಡೆಯೊಳಗೆ ಒಂದು ಸೇರು ಉಂಡೆ ತುಂಬಿಕೊಟ್ಟಳು. ಧಾರವಾಡ ಸ್ಟೇಷನ್ನಿನಲ್ಲಿ ಸಂಗಪ್ಪ ನನ್ನ ಗಂಟು ಬಿಚ್ಚಿ, "ಅದು ಹಂಗಲ್ಲ" ಎಂದು ಮತ್ತೆ ಕಟ್ಟುತ್ತಾನೆ. ಸೋಮವಾರ ಹಂಡೆಯನ್ನು ಹೆಗಲ ಮೇಲಿಟ್ಟುಕೊಂಡು ಚಾಳಿನ ಮೆಟ್ಟಿಲು ಹತ್ತುತ್ತೇನೆ. ರಾಚವ್ವ ಬಾಗಿಲಲ್ಲಿ ನಿಂತು, ಬಂದ ಪಾತ್ರೆಯ ಹೆಸರನ್ನು ಬೆರಳಿನಿಂದ ಸವರಿ ನೋಡಿ ಒಳಗಿಡುತ್ತಾಳೆ. ಅವಳ ಮುಖ ನೋಡಿದರೆ ಹೆಗಲು ಅಷ್ಟೇನೂ ನೋಯುವುದಿಲ್ಲ. ಇದನ್ನು ಅವಳಿಗೆ ಹೇಳಿಲ್ಲ.

ಮೊನ್ನೆ ಸೋಮವಾರ ಕೊಡ ಇಳಿಸಿ ಉಸಿರು ಬಿಡುತ್ತಿದ್ದೆ. ಕೆಳಗಿನ ಮಜಲೆಗೆ ಹೊಸದಾಗಿ ಬಂದಿರುವ, ಮೈಸೂರಿನ ಕಡೆಯ ಸತ್ಯಮೂರ್ತಿ ಎಂಬವರು ಬಾಗಿಲಿಗೆ ಬಂದು ಕೈಮುಗಿದರು.

"ವಾರವಾರ ನೋಡ್ತಾ ಇದೀನಿ, ಒಂದು ಲೋಟಾನೂ ನೆಗ್ಗಿಲ್ಲ. ಅಷ್ಟು ಜೋಪಾನ! ನಮಗೆ ಮದರಾಸಿಗೆ ವರ್ಗ ಆಗಿದೆ. ನಾವು ಮುಂಚೆ ಹೋಗಿಬಿಡ್ತೀವಿ. ನಮ್ಮ ಸಾಮಾನು ನೀವೇ ತಂದು ಮುಟ್ಟಿಸಬೇಕು. ಬೇರೆ ಸಾಗಣೆಯವರನ್ನ ನಂಬೋಕಾಗಲ್ಲ."

ನಾನು ಎದ್ದು ನಿಂತೆ. ರುಮಾಲು ಸರಿಮಾಡಿಕೊಂಡೆ. ನಾನು ಯಾರು, ನನ್ನ ಹುದ್ದೆ ಎಂಥದು ಎಂಬುದನ್ನು ಕಲಮುವಾರು ತಿಳಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ರಾಚವ್ವನ ದನಿ ಬಂತು:

"ಈ ಶನಿವಾರ ಆಗಂಗಿಲ್ಲರೀ, ಅಪ್ಪನ ಕೊಪ್ಪರಿಗಿ ಬರೂವು ಅದಾವ. ಮುಂದಿನ ಶನಿವಾರ ಕಳಸ್ತೀನಿ!"