ಮರ ಬಿಟ್ಟು ಇನ್ನೇನಿದೆ?

ಮರಗಳಿಂದ ನನಗೆ ಈವರೆಗೆ ಒಂದು ಅವಮಾನವೂ ಆಗಿಲ್ಲ. ಆದದ್ದೆಲ್ಲ ಮರ ನೋಡೋಕೆ ಅಂತ ಬಂದವರಿಂದ.

ನಾವಿರೋದು ಅಮೆರಿಕದ ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ. ವಾರಕ್ಕೆ ಐದು ದಿನ ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದು ನನ್ನ ಕೆಲಸ. ಶನಿವಾರ ಮಾತ್ರ ನಮ್ಮ ಬೀದಿಯ ಹಿಂದಿರುವ ಸಣ್ಣ ಕಾಡಿನಲ್ಲಿ ವಾಲಂಟಿಯರ್. ಸಿಯಾಟಲ್ ಸುತ್ತ ಎಲ್ಲಿ ನೋಡಿದರೂ ಸೂಜಿ ಎಲೆಯ ಮರಗಳೇ. ನಮ್ಮ ಈ ಕಾಡು ಮಾತ್ರ ಅಗಲ ಎಲೆಯ ಮೇಪಲ್ ಮರಗಳದ್ದು. ಎಷ್ಟು ಅಗಲ ಅಂದರೆ, ನಾಲ್ಕು ಎಲೆ ಸೇರಿಸಿ ಕಡ್ಡಿ ಚುಚ್ಚಿದರೆ ಊಟಕ್ಕೆ ಬಡಿಸಬಹುದು. ಬಂದವರಿಗೆ ದಾರಿ ತೋರಿಸೋದು, ಕಳೆ ಕೀಳೋದು, ಮರದ ಹೆಸರು ಹೇಳೋದು, ಇಷ್ಟೇ ಅಲ್ಲಿ ನನ್ನ ಕೆಲಸ. ಇಷ್ಟರಲ್ಲಿ ಸಿಟ್ಟು ಬರೋಕೆ ಏನಿದೆ ಅಂತ ನೀವು ಕೇಳಬಹುದು. ಏನಿದೆ ಅಂತ ಹೇಳ್ತೀನಿ ಕೇಳಿ.

೧. ವ್ಯೂ ಇಲ್ಲ

ಹತ್ತಿರದ ಮಿಲ್ ಕ್ರೀಕ್ ಊರಿನಿಂದ ಒಬ್ಬರು ಫೋನ್ ಮಾಡಿದರು. ಬೆಂಗಳೂರಿನವರು. ಕನ್ನಡದವರ ಗ್ರೂಪಿನಲ್ಲಿ ನಾನು ಹಾಕಿದ್ದ ಫೋಟೋ ನೋಡಿದ್ದರಂತೆ.

"ಮೇಡಂ, ಈ ವೀಕೆಂಡ್ ಫ್ಯಾಮಿಲಿ ಕರ್ಕೊಂಡು ಬರೋಣ ಅಂತಿದೀನಿ. ಅಲ್ಲಿ ನೋಡೋಕೆ ಏನೇನಿದೆ?"

"ಮರ ಇದೆ."

"ಅದು ಸರಿ ಮೇಡಂ. ಮರ ಬಿಟ್ಟು ಇನ್ನೇನಿದೆ?"

"ಇನ್ನೂ ಮರ ಇದೆ."

"ಫಾಲ್ಸ್ ಏನಾದ್ರೂ?"

"ಇಲ್ಲ."

"ಬೋಟಿಂಗ್?"

"ಕಾಡಲ್ಲಿ ಬೋಟಿಂಗಾ?"

"ಸುಮ್ನೆ ಕೇಳ್ದೆ. ಹೋಗ್ಲಿ ಬಿಡಿ, ಬಂದೇ ನೋಡ್ತೀವಿ."

ಬಂದರು. ನಮ್ಮ ಕಾಡಿನಲ್ಲೇ ದೊಡ್ಡದಾದ ಮರದ ಕೆಳಗೆ ಅವರನ್ನು ನಿಲ್ಲಿಸಿದೆ. ಮೂರು ಜನ ಕೈ ಕೈ ಹಿಡಿದರೂ ತಬ್ಬೋಕಾಗದ ಮರ, ಕೊಂಬೆಯ ತುಂಬ ಪಾಚಿ, ಪಾಚಿಯ ಮೇಲೆ ಜರಿಗಿಡ. ಅದರ ಕೆಳಗೆ ಹೋದಾಗಲೆಲ್ಲ ನಾನು ಇವತ್ತಿಗೂ ಕತ್ತೆತ್ತಿ ನೋಡುತ್ತಾ ನಿಂತುಬಿಡುತ್ತೇನೆ.

ಅವರು ಸುತ್ತ ಮುತ್ತ ನೋಡಿ, "ಇಲ್ಲಿಂದ ಏನು ಕಾಣುತ್ತೆ ಮೇಡಂ?" ಅಂದರು.

"ಮೇಲೆ ನೋಡಿ" ಅಂದೆ.

ನೋಡಿದರು. "ಮೋಡ ಇದೆ" ಅಂದರು.

ಮನೆಗೆ ಹೋದವರು ಇಂಟರ್ನೆಟ್ಟಿನಲ್ಲಿ ನಮ್ಮ ಕಾಡಿಗೆ ಒಂದೇ ಒಂದು ಸ್ಟಾರ್ ಕೊಟ್ಟರು. ಕೆಳಗೆ ಕಾರಣವನ್ನೂ ಬರೆದಿದ್ದರು: "ಪಾರ್ಕಿಂಗ್ ಚೆನ್ನಾಗಿದೆ. ಆದರೆ ಒಳಗೆ ಏನೂ ಕಾಣುವುದಿಲ್ಲ. ಮರಗಳು ಅಡ್ಡ ಬರುತ್ತವೆ."

೨. ಅನಾಥ ಬಳ್ಳಿ

ಐವಿ ಅಂತ ಒಂದು ಬಳ್ಳಿ. ಯಾವ ಕಾಲದಲ್ಲೋ ಯಾರೋ ಚೆಂದಕ್ಕೆ ಅಂತ ಇಂಗ್ಲೆಂಡ್ ಕಡೆಯಿಂದ ತಂದು ಅಂಗಳದಲ್ಲಿ ನೆಟ್ಟದ್ದು, ಬೇಲಿ ಹಾರಿ ಕಾಡು ಸೇರಿತು. ಈಗ ನಮ್ಮ ಮೇಪಲ್‌ಗಳ ಕುತ್ತಿಗೆಗೇ ಸುತ್ತಿಕೊಂಡಿದೆ. ಅದನ್ನು ಕೀಳದಿದ್ದರೆ ಮರ ಉಳಿಯಲ್ಲ.

ಒಂದು ಶನಿವಾರ ಮಂಡಿಯೂರಿ ಕೀಳುತ್ತಿದ್ದೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಮೆರಿಕನ್ ಹೆಂಗಸು ಗಕ್ಕನೆ ನಿಂತಳು.

"ಏನು ಮಾಡುತ್ತಿದ್ದೀರಿ? ಅದೂ ಒಂದು ಜೀವ ಅಲ್ಲವೇ?"

ಕಿತ್ತಳೆ ಬಣ್ಣದ ಜಾಕೆಟ್ಟು ತೋರಿಸಿದೆ. ಬೋರ್ಡು ತೋರಿಸಿದೆ. ಬಳ್ಳಿ ಸುತ್ತಿ ಒಣಗಿ ನಿಂತ ಮರ ತೋರಿಸಿದೆ. ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಅವಳ ಕಣ್ಣಲ್ಲಿ ನೀರು ಬಂತು. ಅಬ್ಬಾ, ಅರ್ಥವಾಯಿತಲ್ಲ ಅಂದುಕೊಂಡೆ. ಅವಳು ಬಗ್ಗಿ, ನಾನು ಕಿತ್ತು ಹಾಕಿದ್ದ ರಾಶಿಯಿಂದ ಬೇರು ಸಮೇತ ಇದ್ದ ನಾಲ್ಕು ಬಳ್ಳಿ ಆರಿಸಿ, ಮಗುವಿನ ಹಾಗೆ ಎದೆಗೊತ್ತಿಕೊಂಡಳು.

"ಇವಕ್ಕೆ ನಾನು ಮನೆ ಕೊಡುತ್ತೇನೆ" ಅಂದಳು.

ಹೋಗುವಾಗ ಮನೆ ಎಲ್ಲಿ ಅಂತ ಬೆರಳು ಮಾಡಿ ತೋರಿಸಿದಳು. ಕಾಡಿನ ಬೇಲಿ ಮುಗಿದು ಅವಳ ಬೇಲಿ ಶುರುವಾಗುವಲ್ಲೇ ಇತ್ತು.

೩. ಬಾಕಿ ಕೆಲಸ

ಹೊರಗಿನವರನ್ನು ಬೈದು ಏನು ಪ್ರಯೋಜನ, ಮನೆಯವರ ಕಥೆ ಕೇಳಿ.

ನನ್ನ ಗಂಡ ಮೈಸೂರಿನವರು, ಅಚ್ಚುಕಟ್ಟಿನ ಮನುಷ್ಯ. ಅಕ್ಟೋಬರ್ ಬಂದರೆ ಅವರಿಗೆ ನಿದ್ದೆಯಿಲ್ಲ. ನಮ್ಮ ಬೀದಿಯ ಅಸೋಸಿಯೇಶನ್‌ನವರು ಅಂಗಳದಲ್ಲಿ ನಾಲ್ಕು ತರಗೆಲೆ ಕಂಡರೆ ಎಚ್ಚರಿಕೆಯ ಕಾಗದ ಕಳಿಸುವವರು. ಅದಕ್ಕೇ ಎಲೆ ಊದಿ ಗುಡಿಸುವ ಮೆಷಿನ್ನು ತಂದಿಟ್ಟುಕೊಂಡಿದ್ದಾರೆ. ಅದು ಶುರುವಾದರೆ ವಿಮಾನ ಇಳಿದಷ್ಟು ಸದ್ದು.

ಹೋದ ಅಕ್ಟೋಬರಿನಲ್ಲಿ ಕಾಡಿನಲ್ಲಿ 'ಹಳದಿ ಎಲೆಗಳ ನಡಿಗೆ' ಇಟ್ಟುಕೊಂಡಿದ್ದೆ. ಇಪ್ಪತ್ತು ಜನ, ಮಕ್ಕಳು ಮರಿ ಎಲ್ಲ, ಹತ್ತು ಗಂಟೆಗೆ ಬರುವವರು. ಬೆಳಿಗ್ಗೆ ಇವರಿಗೆ, "ರೀ, ನಾನು ಕಾಫಿ ತರೋಕೆ ಹೋಗ್ತೀನಿ. ನೀವು ಸ್ವಲ್ಪ ಮುಂಚೆ ಹೋಗಿ ದಾರಿ ರೆಡಿ ಮಾಡಿಡಿ" ಅಂದೆ. ಬಾಣದ ಗುರುತಿನ ಬೋರ್ಡು ನಿಲ್ಲಿಸಿ ಅನ್ನೋದು ನನ್ನ ಅರ್ಥ.

ನಾನು ಹೋಗುವಷ್ಟರಲ್ಲಿ ಜನ ಆಗಲೇ ಬಂದು ನಿಂತಿದ್ದರು. ಹಿಂದಿನ ದಿನ ಮೊಣಕಾಲುದ್ದ ಬಂಗಾರದ ಬಣ್ಣದ ಎಲೆ ಬಿದ್ದಿದ್ದ ದಾರಿ, ಸಗಣಿ ಸಾರಿಸಿದ ಅಂಗಳದ ಹಾಗೆ ಕಪ್ಪಗೆ ಚೊಕ್ಕಟವಾಗಿತ್ತು. ಒಂದು ಎಲೆ ಇಲ್ಲ. ಎಲೆಯಲ್ಲಿ ಕುಣಿಯೋಕೆ ಅಂತಲೇ ಬೂಟು ಹಾಕಿಕೊಂಡು ಬಂದಿದ್ದ ಒಂದು ಪುಟ್ಟ ಹುಡುಗಿ ಅಳು ಶುರು ಮಾಡಿದಳು. ನನ್ನ ಮಗಳು ಮುಖ ಮುಚ್ಚಿಕೊಂಡು, "ಅಮ್ಮಾ, ಹಿ ಕ್ಲೀನ್ಡ್ ದ ಫಾರೆಸ್ಟ್" ಅಂದಳು.

ಇವರು ಆ ಮೆಷಿನ್ನು ಹೆಗಲಿಗೆ ಹಾಕಿಕೊಂಡು, ಬೆವರು ಒರೆಸುತ್ತಾ ಬಂದರು.

"ಎಷ್ಟು ಗಲೀಜು ಇಟ್ಕೊಂಡಿದ್ದೆ ಮಾರಾಯ್ತಿ! ಒಂದೂವರೆ ಗಂಟೆ ಹಿಡೀತು."

ನಾನು ಕಾಫಿ ಕೆಳಗಿಟ್ಟು ಅಲ್ಲೇ ದಾರಿಯ ಮೇಲೆ ಕೂತುಬಿಟ್ಟೆ. ಖುಷಿಗೆ ಹೀಗಾಗಿದೆ ಅಂದುಕೊಂಡರೇನೋ, ಕತ್ತೆತ್ತಿ ಕೊಂಬೆಗಳನ್ನು ನೋಡಿ ಹೇಳಿದರು: "ಮೇಲೆ ಇನ್ನೂ ಸ್ವಲ್ಪ ಬಾಕಿ ಇದೆ. ಮುಂದಿನ ವಾರ ಏಣಿ ತರ್ತೀನಿ."

೪. ನಮ್ಮಲ್ಲಿಯ ಕಾಡು

ನಾದಿನಿ, ಅಂದರೆ ಇವರ ತಂಗಿ, ಇಂಗ್ಲೆಂಡಿನ ಹಳ್ಳಿ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮಲ್ಲಿಗೆ ಬಂದಾಗ ಎಲ್ಲಕ್ಕಿಂತ ಮೊದಲು ನನ್ನ ಕಾಡಿಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ನಡೆದು ನಿಂತಳು.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ಇದು ಕಾಡಲ್ಲ, ಹಿತ್ತಲು. ಕಾಡು ಅಂದ್ರೆ ನಮ್ಮಲ್ಲಿ ನೋಡ್ಬೇಕು. ನೂರಾರು ವರ್ಷದ ಓಕ್ ಮರ. ಮೇ ತಿಂಗಳಲ್ಲಿ ನೆಲದ ತುಂಬ ನೀಲಿ ಹೂವು."

ತಪ್ಪು ತಿಳಿದುಕೊಂಡೆ. ಆ ಸಿಟ್ಟಿನಲ್ಲೇ ಮೇ ತಿಂಗಳಿಗೆ ಟಿಕೆಟ್ ಮಾಡಿಸಿದೆ. ಏನೇ ತೋರಿಸಿದರೂ ಹೊಗಳಬಾರದು ಅಂತ ವಿಮಾನದಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಆದರೆ ಆ ಓಕ್ ಮರಗಳ ಕೆಳಗೆ, ಕಣ್ಣು ಹೋದಷ್ಟು ದೂರ, ಆಕಾಶ ಇಳಿದು ಮಲಗಿದ ಹಾಗೆ ನೀಲಿ. ಅವಳು ಸುಳ್ಳು ಹೇಳಿರಲಿಲ್ಲ. ಅದೇ ನನ್ನ ಸಿಟ್ಟನ್ನು ಇನ್ನೂ ಜಾಸ್ತಿ ಮಾಡಿತು.

ಅಲ್ಲಿಯೂ ನನ್ನ ಹಾಗೇ ಒಬ್ಬ ವಾಲಂಟಿಯರ್ ಇದ್ದರು, ವಯಸ್ಸಾದ, ತುಂಬ ಸಭ್ಯ ಮನುಷ್ಯ. ಬೆಂಚಿನ ಮೇಲೆ ನಾವು ಕೋಡುಬಳೆ ಡಬ್ಬಿ ತೆಗೆದು ಕೂತಿದ್ದಾಗ ಬಂದು, ಎಲ್ಲಿಂದ ಬಂದಿರಿ ಅಂತ ಕೇಳಿದರು. "ಅಮೆರಿಕ, ಸಿಯಾಟಲ್" ಅಂದೆ. ಅವರ ಮುಖ ಸಪ್ಪಗಾಯಿತು.

"ಓ, ಬೂದು ಅಳಿಲು ನಿಮ್ಮದೇ. ಅಲ್ಲಿಂದ ಇಲ್ಲಿಗೆ ಬಂದು ನಮ್ಮ ಕೆಂಪು ಅಳಿಲುಗಳನ್ನು ಓಡಿಸಿದ್ದು ಅದೇ."

ನಾನು ಉಡುಪಿಯವಳು. ಯಾವ ಅಳಿಲನ್ನೂ ಎಲ್ಲಿಗೂ ಕಳಿಸಿದವಳಲ್ಲ. ಅದನ್ನು ಹೇಳುವ ಮೊದಲೇ ನಾದಿನಿ ಬಾಯಿ ಹಾಕಿದಳು.

"ಹೌದು ಅತ್ತಿಗೆ. ನಿಮ್ಮವರದ್ದೇ ಕೆಲಸ."

"ನಮ್ಮವರು ಅಂದ್ರೆ ಯಾರೇ? ನಾನೇನು ಬ್ಯಾಗಲ್ಲಿ ತುಂಬ್ಕೊಂಡು ಬಂದ್ನಾ? ನಿಮ್ಮವರೇ ಚೆಂದ ಇದೆ ಅಂತ ತಂದು ಬಿಟ್ಕೊಂಡದ್ದು! ಶನಿವಾರ ಶನಿವಾರ ನಾನು ಸೊಂಟ ಮುರ್ಕೊಂಡು ಐವಿ ಕೀಳ್ತೀನಲ್ಲ, ಅದು ಯಾವ ಊರಿಂದ ಬಂತು?"

"ನಮ್ಮ ಐವಿ ಯಾರಿಗೇನು ಮಾಡಿದೆ ಅತ್ತಿಗೆ?"

ಹೀಗೆ ಒಬ್ಬಳು ಇಂಗ್ಲೆಂಡಿನ ಪರ, ಒಬ್ಬಳು ಅಮೆರಿಕದ ಪರ, ಕನ್ನಡದಲ್ಲಿ ಯುದ್ಧಕ್ಕೆ ನಿಂತೆವು. ಆ ಮನುಷ್ಯ ಇವಳ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಬೂದು ಅಳಿಲು ಸರ್ರನೆ ಬೆಂಚು ಹತ್ತಿ, ಡಬ್ಬಿಗೆ ಬಾಯಿ ಹಾಕಿ ಕೋಡುಬಳೆ ಎತ್ತಿತು.

ನಾದಿನಿ ಕಾಡೆಲ್ಲ ಮೊಳಗುವ ಹಾಗೆ ಕೂಗಿದಳು: "ಥೂ, ನಿನ್ ಮನೆ ಹಾಳಾಗ!"

ಅಳಿಲು ಕೋಡುಬಳೆ ಬಿಸಾಕಿ ಓಡಿತು. ಆ ಮನುಷ್ಯ ಬೆರಗಾಗಿ ನಿಂತರು.

"ಎಷ್ಟೋ ವರ್ಷದಿಂದ ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೆ, ಒಂದು ಅಳಿಲೂ ಕೇಳಿಲ್ಲ. ಅದೇನೆಂದಿರಿ, ಇನ್ನೊಮ್ಮೆ ಹೇಳುತ್ತೀರಾ?" ಅಂತ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ನಾದಿನಿ ನಾಚಿ ಮುಖ ತಿರುಗಿಸಿದಳು. ಸಿಟ್ಟಿನಲ್ಲಿದ್ದ ನಾನು ಒಂದೊಂದೇ ಅಕ್ಷರ ಬಿಡಿಸಿ ಬರೆಸಿದೆ. ಎರಡು ಸಲ ಹೇಳಿಸಿ ಉಚ್ಚಾರಣೆಯನ್ನೂ ತಿದ್ದಿದೆ.

"ಅರ್ಥ?" ಅಂದರು.

ನಾದಿನಿ ಗಡಿಬಿಡಿಯಲ್ಲಿ, "ಹೊತ್ತಾಯಿತು, ಇನ್ನು ಮನೆಗೆ ಹೋಗಿ ಅಂತ. ಮರ್ಯಾದೆಯ ಮಾತು" ಅಂದುಬಿಟ್ಟಳು.

ಕಳೆದ ತಿಂಗಳು ಅವಳ ಫೋನ್ ಬಂತು. ಎತ್ತಿದ ಕೂಡಲೇ, "ಎಲ್ಲ ನಿಮ್ಮಿಂದ ಅತ್ತಿಗೆ!" ಅಂತ ಕಿರುಚಿದಳು. ಅವಳ ಆಸ್ಪತ್ರೆಗೆ ಹೊಸದಾಗಿ ಬಂದ ಕನ್ನಡದ ಡಾಕ್ಟರು ಮತ್ತು ಅವರ ಹೆಂಡತಿಯನ್ನು ಆ ಕಾಡು ನೋಡಿ ಬನ್ನಿ ಅಂತ ಇವಳೇ ಕಳಿಸಿದ್ದಳಂತೆ. ಸಂಜೆ ಗೇಟು ಹಾಕುವ ಹೊತ್ತಿಗೆ ಆ ಮನುಷ್ಯ, ಇವರು ಕನ್ನಡದವರು ಅಂತ ಕೇಳಿ ತಿಳಿದುಕೊಂಡು, ಬಹಳ ಸಂತೋಷದಿಂದ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಸ್ಪಷ್ಟವಾದ ಕನ್ನಡದಲ್ಲಿ, "ನಿನ್ ಮನೆ ಹಾಳಾಗ" ಅಂತ ಬೀಳ್ಕೊಟ್ಟರಂತೆ.

ಆ ದಂಪತಿ ಹಿಂದಿನ ಭಾನುವಾರವಷ್ಟೇ ಗೃಹಪ್ರವೇಶ ಮಾಡಿದ್ದರು.