ಕಾಲುಚೀಲ ತೊಟ್ಟ ಬಾಟಲಿಗಳು

ಸಾಮ್ರಾಜ್ಯಗಳು ಉರುಳಿದ್ದಕ್ಕೆ ಪಂಡಿತರು ಏನೇನೋ ಕಾರಣ ಹೇಳುತ್ತಾರೆ. ತಕ್ಕಡಿಯ ಸಂಸಾರ ಉರುಳುವ ಅಂಚಿಗೆ ಬಂದು ನಿಂತದ್ದು ಮಾತ್ರ ಕಾಲುಚೀಲದಿಂದ. ಅದೂ ಒಗೆದು, ಹಿಂಡಿ, ಒಣಗಲು ಹಾಕಿದ ಕಾಲುಚೀಲದಿಂದ.

ತಕ್ಕಡಿ ಎಂಬುದು ತಾಯಿ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಅಂಗಡಿಗಳ ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ಅವನ ಕೆಲಸ. ಮುಳ್ಳು ಕೂದಲೆಳೆಯಷ್ಟು ವಾಲಿದರೆ ಅವನಿಗೆ ಊಟ ಸೇರುವುದಿಲ್ಲ. ಸುಳ್ಳು ಹೇಳಿದರೆ ಎರಡು ಕಿವಿಯೂ ಕೆಂಪಗೆ ಉರಿದು, ಕರೆಂಟು ಹೋದ ದಿನ ಆ ಬೆಳಕಿನಲ್ಲೇ ಪೇಪರು ಓದಬಹುದು. ಧೈರ್ಯದ ವಿಷಯ ಕೇಳಲೇಬೇಡಿ. ಕುಕ್ಕರು ಸೀಟಿ ಹೊಡೆದರೆ ಕೈ ಎರಡೂ ಮೇಲೆತ್ತಿ ಶರಣಾಗುವ ಗಂಡಸು.

ಅವನು ಹೆದರುತ್ತಿದ್ದದ್ದು ಮುಖ್ಯವಾಗಿ ಮೂವರಿಗೆ. ಒಬ್ಬರು ಕೆಳಮನೆಯಲ್ಲಿದ್ದ ಮನೆ ಮಾಲೀಕರು, ನಿವೃತ್ತ ಹಲ್ಲಿನ ಡಾಕ್ಟರು. ಇನ್ನೊಬ್ಬರು ಕಂಪನಿಯ ಮ್ಯಾನೇಜರು. ಮೂರನೆಯವರು ಮನೆಯೊಳಗೇ ಇದ್ದ ಅತ್ತೆ. ಮೊದಲಿನ ಇಬ್ಬರಿಗೂ ಒಂದೇ ಹುಚ್ಚು: ಐಪಿಎ. ಇಂಡಿಯಾ ಪೇಲ್ ಏಲ್ ಎಂಬ ಬಿಯರಿನ ಮುದ್ದಿನ ಹೆಸರು ಅದು. ಹಾಪ್ಸ್ ಎಂಬ ಹಸಿರು ಹೂವನ್ನು ಕೈಬಿಚ್ಚಿ ಸುರಿದು ಮಾಡುವ ಈ ಪಾನೀಯದ ಮೊದಲ ಗುಟುಕಿಗೆ ಮುಖ ಕಿವುಚುತ್ತದೆ, ಎರಡನೆಯದಕ್ಕೆ ಹುಬ್ಬು ಏರುತ್ತದೆ, ಮೂರನೆಯದಕ್ಕೆ ಮನುಷ್ಯ ಕಣ್ಣು ಮುಚ್ಚಿ "ಆಹಾ, ಕಿತ್ತಳೆ ಸಿಪ್ಪೆ!" ಎನ್ನುತ್ತಾನೆ. ಡಾಕ್ಟರು ಹಿಂದೆ ಹಲ್ಲು ಕೀಳುತ್ತಿದ್ದ ಕೋಣೆಯಲ್ಲೇ ಈಗ ಬಿಯರು ಕುದಿಸುತ್ತಿದ್ದರು. ಮ್ಯಾನೇಜರು ಕಾರನ್ನು ಬೀದಿಗೆ ತಳ್ಳಿ, ಶೆಡ್ಡಿನಲ್ಲಿ ಹಂಡೆ ಹೂಡಿದ್ದರು.

ಒಂದು ಸಂಜೆ ತಕ್ಕಡಿಯನ್ನು ಮನೆಗೆ ಬಿಡಲು ಬಂದ ಮ್ಯಾನೇಜರು ಮೆಟ್ಟಿಲ ಬಳಿ ಡಾಕ್ಟರ ಕಣ್ಣಿಗೆ ಬಿದ್ದರು. ಡಾಕ್ಟರು ಒಂದು ಗ್ಲಾಸು ಕೊಟ್ಟರು. ಮ್ಯಾನೇಜರು ಕುಡಿದು, "ಪರವಾಗಿಲ್ಲ, ಬಾಯಿ ಮುಕ್ಕಳಿಸೋಕೆ ಚೆನ್ನಾಗಿದೆ" ಎಂದರು. ಅಷ್ಟೇ. ಯುದ್ಧ ಘೋಷಣೆಯಾಯಿತು.

ಪಂದ್ಯದ ನಿಯಮ ಹೀಗೆ: ಇಬ್ಬರೂ ತಮ್ಮ ತಮ್ಮ ಐಪಿಎಯ ಒಂದೊಂದು ದೊಡ್ಡ ಬಾಟಲಿ ಕೊಡಬೇಕು. ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ ತೊಡಿಸಬೇಕು. ಯಾವುದು ಯಾರದೆಂದು ತಿಳಿಯದೆ ಇಬ್ಬರೂ ರುಚಿ ನೋಡಿ, ಯಾವುದು ಮೇಲು ಎಂದು ಒಪ್ಪಬೇಕು. ಗುಟ್ಟು ಗೊತ್ತಿರುವುದು ಒಬ್ಬನಿಗೆ ಮಾತ್ರ. ಅವನು ಕುಡಿಯದವನಾಗಿರಬೇಕು, ಸುಳ್ಳು ಹೇಳಲಾರದವನಾಗಿರಬೇಕು. ಯಂತ್ರದ ಧೂಳು ಹೊಕ್ಕು ಮೂಗು ಶಾಶ್ವತವಾಗಿ ಕಟ್ಟಿಹೋಗಿದ್ದರೆ ಇನ್ನೂ ಉತ್ತಮ. ಇಬ್ಬರ ಕಣ್ಣೂ ಒಟ್ಟಿಗೇ ತಕ್ಕಡಿಯ ಮೇಲೆ ಬಿದ್ದವು.

ಬಾಟಲಿ ಕೊಡುವಾಗ ಡಾಕ್ಟರು ಅವನ ಭುಜ ತಟ್ಟಿದರು. "ನೋಡ್ರೀ ತಕ್ಕಡಿ, ನಂದು ಸೋಲೋ ಪೈಕಿ ಅಲ್ಲ. ಸೋತ್ರೆ ನೀವೇ ಏನೋ ಎಡವಟ್ಟು ಮಾಡಿದ್ದೀರಿ ಅಂತ ಲೆಕ್ಕ. ಆಮೇಲೆ ಬೇರೆ ಮನೆ ಹುಡುಕ್ಕೊಳಿ."

ಮ್ಯಾನೇಜರು ಇನ್ನೂ ಮೃದುವಾಗಿ ಹೇಳಿದರು. "ಹೆದರ್ಕೋಬೇಡಿ. ನಂದು ಸೋತರೆ ಊರಾಚೆ ವೇಬ್ರಿಡ್ಜ್ ಇದೆಯಲ್ಲ, ಅಲ್ಲಿಗೆ ಹಾಕ್ತೀನಿ. ಲಾರಿ ತೂಗ್ತಾ ಇರಬಹುದು. ಗಾಳಿ ಚೆನ್ನಾಗಿದೆ." ಅಲ್ಲಿ ಗಾಳಿಗಿಂತ ಧೂಳೇ ಹೆಚ್ಚು. ಹಿಂದೆ ಅಲ್ಲಿಗೆ ಹೋದವನು ಮರಳಿ ಬಂದಾಗ ಹೆಂಡತಿ ಅವನನ್ನು ಗುರುತಿಸದೆ ಬಾಗಿಲು ಹಾಕಿಕೊಂಡಿದ್ದಳು.

ಭಾನುವಾರ ಬೆಳಗ್ಗೆ ತಕ್ಕಡಿ ಎರಡು ಬಾಟಲಿಗಳನ್ನೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಎರಡೂ ಒಂದೇ ಕಂದು ಗಾಜು, ಒಂದೇ ಬಿಳಿ ಮುಚ್ಚಳ. ಇಬ್ಬರು ಶತ್ರುಗಳೂ ಸಾಮಾನು ಕೊಳ್ಳುತ್ತಿದ್ದದ್ದು ಒಂದೇ ಅಂಗಡಿಯಲ್ಲಿ. "ಕಪ್ಪು, ಡಾಕ್ಟ್ರದು. ನೀಲಿ, ಸಾಹೇಬ್ರದು. ಕಪ್ಪು, ಡಾಕ್ಟ್ರದು..." ಎಂದು ಮಂತ್ರದಂತೆ ಗೊಣಗುತ್ತ ಕಾಲುಚೀಲ ತೊಡಿಸಿ, ನಿಟ್ಟುಸಿರು ಬಿಟ್ಟು ಸ್ನಾನಕ್ಕೆ ಹೋದ.

ಅವನ ಅತ್ತೆಗೆ ಬದುಕಿನಲ್ಲಿ ಸಹಿಸಲಾಗದ ಸಂಗತಿ ಒಂದೇ: ಒಂಟಿ ಕಾಲುಚೀಲ. ಮಗಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಬೀರು ತೆರೆದರೆ, ಕಪ್ಪೊಂದು ಒಂಟಿ, ನೀಲಿಯೊಂದು ಒಂಟಿ! ಅವರ ಎದೆ ಹೊಡೆದುಕೊಂಡಿತು. ಹಾಸಿಗೆ ಕೆಳಗೆ ಹುಡುಕಿ, ಸೋಫಾ ಉರುಳಿಸಿ, ಕೊನೆಗೆ ಅಡುಗೆಮನೆಗೆ ಬಂದು ಬಾಟಲಿಗಳನ್ನು ಕಂಡರು.

ತಕ್ಕಡಿ ತಲೆ ಒರೆಸಿಕೊಳ್ಳುತ್ತ ಬಂದಾಗ ಬಾಟಲಿಗಳು ಬೆತ್ತಲೆ ನಿಂತಿದ್ದವು. ಕಾಲುಚೀಲಗಳಿಲ್ಲ. ಸೋಪಿನ ವಾಸನೆ ಅವನ ಕಟ್ಟಿದ ಮೂಗಿಗೂ ಬಡಿಯಿತು. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದರೆ ಮೇಲೆ ತಾರಸಿಯಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದರು. ಪಕ್ಕದಲ್ಲೇ ಡಾಕ್ಟರು ನಾಯಿಯನ್ನು ಕಾಲಬುಡದಲ್ಲಿ ಕೂರಿಸಿಕೊಂಡು ಕುಂಡಗಳಿಗೆ ನೀರು ಹಾಕುತ್ತಿದ್ದರು. "ಅತ್ತೇ, ಯಾವ ಬಾಟಲಿ ಯಾರದು?" ಎಂದು ಇಲ್ಲಿಂದ ಕೂಗುವುದೂ, ಗಂಟುಮೂಟೆ ಕಟ್ಟುವುದೂ ಒಂದೇ. ತಕ್ಕಡಿ ಕತ್ತನ್ನು ಆಮೆಯಂತೆ ಒಳಗೆಳೆದುಕೊಂಡ.

ಎರಡೂ ಬಾಟಲಿಗಳನ್ನು ಮಗುವಿನಂತೆ ಅವುಚಿಕೊಂಡು ಎದುರುಮನೆಯ ಟ್ಯೂಷನ್ ಮೇಷ್ಟ್ರ ಬಾಗಿಲು ಬಡಿದ. ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯ ಈವರೆಗೆ ಹುಟ್ಟಿಲ್ಲ.

"ಇಷ್ಟೇ ತಾನೇ?" ಎಂದರು ಮೇಷ್ಟ್ರು. "ನಾನು ಕುಡಿದಿರೋ ಐಪಿಎ ಎಲ್ಲಾ ಒಂದ್ಕಡೆ ಸುರಿದ್ರೆ ನಿಮ್ಮ ಮನೆ ತೇಲಿಹೋಗುತ್ತೆ. ಕೊಡಿ ಇಲ್ಲಿ."

"ಮೇಷ್ಟ್ರೇ, ತೆಗೀಬೇಡಿ, ಬರೀ ನೋಡಿ ಹೇಳಿ..."

ಸ್ಸ್! ಸ್ಸ್! ಎರಡೂ ಮುಚ್ಚಳ ಹಾರಿದವು. ಅವುಗಳ ಜೊತೆಗೆ ತಕ್ಕಡಿಯ ಅರ್ಧ ಪ್ರಾಣವೂ ಹಾರಿತು.

ಮೇಷ್ಟ್ರು ಮೊದಲನೆಯದನ್ನು ಗುಟುಕರಿಸಿ, "ಡಾಕ್ಟ್ರದು. ಲವಂಗದೆಣ್ಣೆ ಹೊಡೀತಿದೆ, ಹಲ್ಲುನೋವಿಗೆ ಇಡ್ತಾರಲ್ಲ, ಅದು" ಎಂದರು. ಎರಡನೆಯದನ್ನು ಗುಟುಕರಿಸಿ ಹುಬ್ಬು ಗಂಟಿಕ್ಕಿದರು. "ಇದೂ ಡಾಕ್ಟ್ರದೇ."

"ಅದ್ಹೇಗೆ ಸಾಧ್ಯ ಮೇಷ್ಟ್ರೇ?"

"ತಾಳ್ರೀ, ಅವಸರ ಮಾಡಿದ್ರೆ ನಾಲಿಗೆ ಮುದುಡ್ಕೊಳುತ್ತೆ." ಮತ್ತೊಂದು ಗುಟುಕು. "ಮೊದಲನೇದು ನಿಮ್ಮ ಸಾಹೇಬ್ರದು. ಗ್ರೀಸ್ ವಾಸನೆ." ಇನ್ನೊಂದು ಗುಟುಕು. "ಅಲ್ಲ, ಎರಡೂ ಸಾಹೇಬ್ರದು." ಹೀಗೆ ಮೇಷ್ಟ್ರು ಸತ್ಯಾನ್ವೇಷಣೆಯಲ್ಲಿ ಮುಳುಗಿರಲು ಒಂದು ಬಾಟಲಿ ಮುಕ್ಕಾಲಿಗೆ, ಇನ್ನೊಂದು ಅರ್ಧಕ್ಕೆ ಇಳಿಯಿತು. ತಕ್ಕಡಿ ಬಾಟಲಿ, ಮುಚ್ಚಳಗಳನ್ನು ಕಿತ್ತುಕೊಂಡು ಓಡಿದ. "ಇನ್ನೊಂದೇ ಗುಟುಕು ಕೊಟ್ರೆ ಗ್ಯಾರಂಟಿ ಹೇಳ್ತೀನ್ರೀ!" ಎಂಬ ಕೂಗು ಬೆನ್ನಟ್ಟಿ ಬಂತು.

ಅಡುಗೆಮನೆಯಲ್ಲಿ ನಿಂತು ಆ ಎರಡು ಬಾಟಲಿಗಳನ್ನು ನೋಡುತ್ತಿದ್ದಂತೆ ತಕ್ಕಡಿಯ ಕಣ್ಣಿಗೆ ಲಾರಿಗಳ ಸಾಲು ಕಂಡಿತು, ಬೀದಿಯಲ್ಲಿ ಹರಡಿದ ಪಾತ್ರೆಗಳು ಕಂಡವು, ಪಾತ್ರೆಗಳ ನಡುವೆ ಕೂತ ಅತ್ತೆ ಕಂಡರು. ಆ ಭಯದ ನಡುವೆಯೇ ಅವನ ವೃತ್ತಿಬುದ್ಧಿ ಕಣ್ಣು ಬಿಟ್ಟಿತು. ಎರಡನ್ನೂ ಬೆರೆಸಿಬಿಟ್ಟರೆ? ಎರಡರಲ್ಲೂ ಒಂದೇ ಬಿಯರಿದ್ದರೆ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ? "ಎರಡೂ ಸಮ" ಎನ್ನಲೇಬೇಕು!

ಅತ್ತೆಯ ನೀರಿನ ಜಗ್ಗಿಗೆ ಎರಡು ಬಾಟಲಿಗಳನ್ನೂ ಸುರಿದು, ಕಲಕಿ, ಕಂಪನಿಯ ಪುಟ್ಟ ತಕ್ಕಡಿಯಲ್ಲಿಟ್ಟು ಮುಳ್ಳು ಅಲುಗದಂತೆ ಸಮಸಮ ತುಂಬಿದ. ಆ ದಿನ ಅವನು ಹಂಚಿದಷ್ಟು ನಿಖರವಾಗಿ ಯಾವ ನ್ಯಾಯಾಧೀಶರೂ ನ್ಯಾಯ ಹಂಚಿರಲಾರರು. ಹಿಂದೆ ಎಲ್ಲೋ ಬಕೆಟ್ಟಿನ ಸದ್ದಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮುಚ್ಚಳಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಬೀರುವಿನಿಂದ ಕೆಂಪೊಂದು ಹಳದಿಯೊಂದು ಕಾಲುಚೀಲ ತಂದು ಕತ್ತಿನವರೆಗೂ ತೊಡಿಸಿದ. ಬಿಯರು ಇಳಿದಿರುವುದು ಯಾರಿಗೂ ಕಾಣದು.

ಮಧ್ಯಾಹ್ನ ಬಾಗಿಲ ಗಂಟೆ ಮೊಳಗಿತು. ಅವನ ಕಿವಿಗೆ ಅದು ಶವಯಾತ್ರೆಯ ಗಂಟೆಯಂತೆಯೇ ಕೇಳಿಸಿತು.

ಡಾಕ್ಟರೂ ಮ್ಯಾನೇಜರೂ ಮೇಜಿನ ಎರಡು ಬದಿಗೆ ಕೂತು ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡಿದರು. ತಕ್ಕಡಿ ಕೆಂಪು ಕಾಲುಚೀಲದ ಬಾಟಲಿ ಎತ್ತಿದ. ಗ್ಯಾಸು ಆಗಲೇ ಹೋಗಿತ್ತು. ಮುಚ್ಚಳ ತೆಗೆಯುವಾಗ ಸದ್ದಾಗದಿದ್ದರೆ ಕತೆ ಮುಗಿಯಿತು. ಹಾಗಾಗಿ ಬಾಯಲ್ಲೇ "ಸ್ಸ್ಸ್" ಎಂದ.

"ಏನ್ರೀ ಅದು, ಹಾವು ಬಂದಂಗಾಯ್ತು?" ಎಂದು ಮ್ಯಾನೇಜರು ಕಾಲು ಮೇಲೆತ್ತಿಕೊಂಡರು.

"ಗ್ಯಾಸು ಸಾರ್... ಸ್ವಲ್ಪ ಜೋರಾಗಿದೆ."

ಇಬ್ಬರೂ ಗ್ಲಾಸು ಆಡಿಸಿ, ಬೆಳಕಿಗೆ ಹಿಡಿದು, ಮೂಗನ್ನು ಕಿವಿಯವರೆಗೂ ಒಳಗಿಳಿಸಿ ಮೂಸಿ, ಗುಟುಕರಿಸಿದರು. ಡಾಕ್ಟರ ಕಣ್ಣು ತಾನಾಗಿ ಮುಚ್ಚಿತು. ಮ್ಯಾನೇಜರ ಹುಬ್ಬು ಬೋಳುತಲೆಯ ನಡುವಿನವರೆಗೂ ಏರಿತು.

"ಕಿತ್ತಳೆ ಸಿಪ್ಪೆ!" ಎಂದರು ಡಾಕ್ಟರು.

"ಮೊದಲು ಮಾವು, ಆಮೇಲೆ ಪೈನ್ ಮರ. ಕಹಿ ನೋಡಿ, ಹೇಗೆ ನಿಧಾನಕ್ಕೆ ಬಂದು ಗಂಟಲಲ್ಲಿ ಕೂತ್ಕೊಳುತ್ತೆ" ಎಂದರು ಮ್ಯಾನೇಜರು. ಅದು ತಮ್ಮದೇ ಎಂದು ಇಬ್ಬರಿಗೂ ಮನಸ್ಸಿನಲ್ಲೇ ಖಾತ್ರಿಯಾಗಿಹೋಯಿತು. ಅಂದಮೇಲೆ ಇನ್ನೊಂದು ಶತ್ರುವಿನದಲ್ಲದೆ ಮತ್ಯಾರದು?

ಹಳದಿ ಕಾಲುಚೀಲದ ಬಿಯರು ನಾಲಿಗೆಗೆ ತಾಗಿದ್ದೇ ತಡ, ಇಬ್ಬರೂ ಒಟ್ಟಿಗೆ ಎದ್ದು ವಾಷ್‌ಬೇಸಿನ್ನಿಗೆ ಓಡಿ ಭುಜಕ್ಕೆ ಭುಜ ತಾಗಿಸಿ ಉಗುಳಿದರು.

"ಒದ್ದೆ ನಾಯಿ ಹಿಂಡಿದಂಗಿದೆ!"

"ತುಕ್ಕು ಹಿಡಿದ ಮೊಳೆ ನೆನೆಸಿದ ನೀರು!"

"ಕೆಂಪೇ ಮೇಲು, ಒಪ್ಕೋತೀರಾ?"

"ಎರಡು ಮಾತಿಲ್ಲ! ಅದು ನಂದು ತಾನೇ!"

"ನಿಮ್ಮದಾ? ನನ್ನ ಬಿಯರ್ ನನಗೆ ಗೊತ್ತಾಗಲ್ವಾ?"

ಇಬ್ಬರೂ ಒಟ್ಟಿಗೆ ತಕ್ಕಡಿಯತ್ತ ತಿರುಗಿದರು. ಒಬ್ಬರ ಕಣ್ಣಲ್ಲಿ ಬೀದಿಯಿತ್ತು, ಇನ್ನೊಬ್ಬರ ಕಣ್ಣಲ್ಲಿ ವೇಬ್ರಿಡ್ಜಿತ್ತು. "ಹೇಳ್ರೀ, ಕೆಂಪು ಯಾರದು?"

ತಕ್ಕಡಿಯ ನಾಲಿಗೆ ಒಣಗಿ ಚಪ್ಪಲಿಯ ಅಟ್ಟೆಯಂತಾಗಿತ್ತು. "ಅದು... ನಿಮ್ಮಿಬ್ಬರದೂ" ಎಂದು ತೊದಲಿದ. "ಎರಡೂ ಅಷ್ಟು ಚೆನ್ನಾಗಿದ್ವು, ಬೇರೆ ಮಾಡೋಕೆ ಮನಸ್ಸು ಬರಲಿಲ್ಲ. ಬೆರೆಸಿಬಿಟ್ಟೆ."

ಡಾಕ್ಟರು ಮ್ಯಾನೇಜರನ್ನು ನೋಡಿದರು, ಮ್ಯಾನೇಜರು ಗ್ಲಾಸನ್ನು ನೋಡಿದರು. ನಿಧಾನವಾಗಿ ಇಬ್ಬರ ಮುಖವೂ ಅರಳಿತು. "ಅದಕ್ಕೇ ಅಷ್ಟು ಗಮ್ಮತ್ತಾಗಿದೆ!" ಎಂದು ಕೈ ಕುಲುಕಿದರು.

"ಹಾಗಾದ್ರೆ ಹಳದಿ?"

"ಅದು... ನಂದು. ನಾನೇ ಮಾಡಿದ್ದು." ಕಿವಿಗಳು ಧಗಧಗ ಉರಿದವು. ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

"ಅಯ್ಯೋ ಪಾಪ" ಎಂದರು ಡಾಕ್ಟರು ಕನಿಕರದಿಂದ. "ಇದು ಎಲ್ಲರ ಕೈಗೆ ಹತ್ತೋ ವಿದ್ಯೆ ಅಲ್ಲ ಕಣ್ರೀ. ನಾಲಿಗೆ ಅನ್ನೋದು ಹುಟ್ಟಿನಿಂದ ಬರಬೇಕು."

ತಕ್ಕಡಿಯ ಪ್ರಾಣ ಗಂಟಲಿನಿಂದ ಎದೆಗಿಳಿದು ಇನ್ನೇನು ಸ್ವಸ್ಥಾನ ಸೇರಬೇಕು, ಅಷ್ಟರಲ್ಲಿ ಅತ್ತೆ ಜಗ್ಗು ಹಿಡಿದು ಬಂದರು.

"ಮತ್ತೆ ಜೋಡಿ ಮುರಿದ್ರಾ ಅಳಿಯಂದ್ರೇ!" ಎನ್ನುತ್ತ ಎರಡು ಬಾಟಲಿಗಳಿಂದಲೂ ಕಾಲುಚೀಲ ಸುಲಿದರು. "ಈ ಜಗ್ಗನ್ನಾದ್ರೂ ತೊಳೆದಿಡಬಾರದಾ? ಎರಡು ಬಾಟಲೀನೂ ಇದಕ್ಕೇ ಸುರಿದು, ಇದರಿಂದಲೇ ಎರಡಕ್ಕೂ ವಾಪಸ್ ತುಂಬ್ತಾ ಇದ್ರಲ್ಲ, ಬಕೆಟ್ ಇಡೋಕೆ ಬಂದಾಗ ನೋಡಿದೆ. ಎಷ್ಟು ತಿಕ್ಕಿದ್ರೂ ವಾಸನೆ ಹೋಗ್ತಿಲ್ಲ."

"ಅಮ್ಮಾ, ಹಳದಿ ಇವರು ಮಾಡಿದ್ದಲ್ವಾ?" ಎಂದರು ಮ್ಯಾನೇಜರು, ಸಣ್ಣ ದನಿಯಲ್ಲಿ.

"ಇವರಾ? ಇವರಿಗೆ ನೀರು ಕಾಯಿಸೋಕೂ ಬರಲ್ಲ." ಅತ್ತೆ ಅಳಿಯನತ್ತ ತಿರುಗಿದರು. "ಯಾವ ಬಾಟಲಿ ಯಾರದು ಅಂತ ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಕಪ್ಪು ಡಾಕ್ಟ್ರದು ಅಂತ ಬೆಳಗ್ಗೆಯಿಂದ ಗೊಣಗ್ತಾನೇ ಇದ್ರಿ. ಆ ಬಾಟಲೀನ ಕಿಟಕಿ ಕಡೆ ಇಟ್ಟು, ನೆನಪಿಟ್ಕೊಂಡೇ ಬಿಚ್ಚಿದ್ದೆ" ಎಂದು ಕಾಲುಚೀಲಗಳೊಂದಿಗೆ ಹೊರಟುಹೋದರು.

ಒಂದೇ ಜಗ್ಗಿನ ಬಿಯರು. ಒಂದು ಗ್ಲಾಸಿಗೆ ಮಾವು, ಇನ್ನೊಂದಕ್ಕೆ ಒದ್ದೆ ನಾಯಿ. ತಕ್ಕಡಿ ಕಣ್ಣು ಮುಚ್ಚಿ ಶಿಕ್ಷೆಗೆ ಕಾದ.

"ಮನೆ ಖಾಲಿ..." ಎಂದು ಡಾಕ್ಟರು ಶುರು ಮಾಡಿ ನಿಲ್ಲಿಸಿದರು. ಯೋಚಿಸಿದರು. "ಖಾಲಿ ಮಾಡೋ ಮಾತೇ ಇಲ್ಲ. ನೀವು ಬೇರೆ ಬೀದಿಗೆ ಹೋಗಿ ಇದನ್ನ ಬಾಯಿ ಬಿಟ್ರೆ ನನ್ನ ಗತಿ? ಬದುಕಿರೋವರೆಗೂ ಇದೇ ಮನೆ, ನನ್ನ ಕಣ್ಣೆದುರಿಗೇ."

"ವರ್ಗಾವಣೆನೂ ಇಲ್ಲ, ರಾಜೀನಾಮೆನೂ ಇಲ್ಲ" ಎಂದರು ಮ್ಯಾನೇಜರು. "ನಾಳೆಯಿಂದ ನಿಮ್ಮ ಮೇಜು ನನ್ನ ಕೋಣೆಯೊಳಗೆ. ಮುಂದಿನ ಭಾನುವಾರ ಪಂದ್ಯ ಮತ್ತೆ ಮೊದಲಿಂದ."

ಮೆಟ್ಟಿಲಿಳಿದ ಮ್ಯಾನೇಜರು ಕಾರಿನ ಕೀ ಮರೆತೆನೆಂದು ಮರಳಿ ಬಂದು, ಅವನ ಕಿವಿಯಲ್ಲಿ ಉಸುರಿದರು. "ಮುಂದಿನ ಸಲ ನಂದು ಕೆಂಪು ಸಾಕ್ಸಲ್ಲಿರಲಿ. ಹಾಗಾಗಲಿಲ್ವೋ, ವೇಬ್ರಿಡ್ಜ್ ಎಲ್ಲೂ ಓಡಿಹೋಗಿಲ್ಲ."

ಅವರ ಕಾರು ತಿರುವು ದಾಟುವುದರೊಳಗೆ ಡಾಕ್ಟರು ಮೇಲೆ ಬಂದರು. "ಕೆಂಪು ಸಾಕ್ಸ್ ನನಗೆ. ತಪ್ಪಿದ್ರೆ ಅವತ್ತೇ ಗಂಟುಮೂಟೆ. ಬಾಯಿ ಮುಚ್ಚಿಸೋಕೆ ಬೇರೆ ದಾರಿ ಹುಡುಕ್ತೀನಿ. ನಾನು ಹಲ್ಲಿನ ಡಾಕ್ಟ್ರು, ನೆನಪಿರಲಿ."

ಕತ್ತಲೆ ಕವಿದ ತಕ್ಕಡಿಯ ತಲೆಯೊಳಗೆ ಸಂಜೆ ಹೊತ್ತಿಗೆ ಮಿಂಚು ಹೊಳೆಯಿತು. ಎರಡು ಬಾಟಲಿಗೂ ಕೆಂಪೇ ತೊಡಿಸಿದರೆ? ಇಬ್ಬರಿಗೂ ಕೆಂಪು! ಅತ್ತೆಯ ಜೋಡಿಯೂ ಮುರಿಯುವುದಿಲ್ಲ! ಹುಟ್ಟಿದ ಮೇಲೆ ಮೊದಲ ಬಾರಿಗೆ ಎದೆಯುಬ್ಬಿಸಿ ತಾರಸಿಗೆ ಓಡಿದ.

"ಅತ್ತೇ, ಆ ಕೆಂಪು ಜೊತೆ ಎಲ್ಲಿ? ಎರಡೂ ಬೇಕು!"

"ಅದಾ?" ಎಂದರು ಅತ್ತೆ, ಒಣಗಿದ ಬಟ್ಟೆ ಮಡಚುತ್ತ. "ತೊಳೆದು ಹಾಕಿದ್ದೆ, ಒಂದು ಗಾಳಿಗೆ ಹಾರಿ ಕೆಳಗೆ ಬಿತ್ತು. ಬಿಯರ್ ವಾಸನೆ ಇತ್ತೇನೋ, ಡಾಕ್ಟ್ರ ನಾಯಿ ಕಚ್ಕೊಂಡು ಹೋಯ್ತು. ಇನ್ನೊಂದು ಒಂಟಿ ಆಯ್ತಲ್ಲ ಅಳಿಯಂದ್ರೇ, ಅದನ್ನ ನಾನೇ ಎಸೆದುಬಿಟ್ಟೆ."