ಕೋತಿಯ ದನಿಯಲ್ಲೊಬ್ಬ ಅಪ್ಪ

"ಅಮ್ಮಾ, ಮಾವ ಮನೇಲೂ ಯಾಕೆ ಕೋತಿ ಥರಾನೇ ಮಾತಾಡ್ತಾನೆ?"

ಮಗನ ಪ್ರಶ್ನೆಗೆ ಅಕ್ಕನ ಬಳಿ ಉತ್ತರವಿತ್ತು, ಹೇಳುವ ಮನಸ್ಸಿರಲಿಲ್ಲ. ಮಾವ ಅಂದರೆ ಅವಳ ತಮ್ಮ, ಕಾರ್ಟೂನಿನ ತುಂಟ ಕೋತಿಗೆ ಕಂಠದಾನ ಮಾಡುವವನು. ಮೂವತ್ತು ದಾಟಿದರೂ ಬುದ್ಧಿ ಇನ್ನೂ ಕೊಂಬೆಯಿಂದ ಕೆಳಗಿಳಿದಿರಲಿಲ್ಲ! ಮಗಳು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಎದೆ ತಟ್ಟಿಕೊಂಡಿದ್ದ: "ಊರ ಮಕ್ಕಳನ್ನೆಲ್ಲ ನಗಿಸೋನು ನಾನು. ನನ್ನ ಮಗಳು ಅಳೋದುಂಟೇ ಅಕ್ಕಾ?"

ಅತ್ತಳು. ಇವನು ಕೋತಿಯ ದನಿ ತೆಗೆದ. ನಲ್ಲಿ ತಿರುಗಿಸಿದ ಹಾಗೆ ಅಳು ನಿಂತಿತು! ಅಂದಿನಿಂದ ಸ್ನಾನಕ್ಕೆ ಕೋತಿ, ಹಾಲಿಗೆ ಕೋತಿ, ನಿದ್ದೆಗೂ ಕೋತಿ. ಮಗು ತೋಳಲ್ಲಿದ್ದಾಗ ಬ್ಯಾಂಕಿನವರು ಫೋನ್ ಮಾಡಿದರೂ "ನಮಸ್ಕಾರ ಸಾರ್" ಅನ್ನುತ್ತಿದ್ದದ್ದು ಕೋತಿಯೇ!

"ರೀ, ನಾನು ಮದುವೆಯಾಗಿದ್ದು ಬೇರೆ ಯಾರನ್ನೋ. ಅವರನ್ನ ಸ್ವಲ್ಪ ಕರೀರಿ," ಎಂದು ಹೆಂಡತಿ ಗದರುತ್ತಿದ್ದಳು.

"ಮಗಳು ಮಲಗಲಿ, ಬರ್ತಾರೆ!" ಅದೂ ಕೀರಲು ದನಿಯಲ್ಲೇ.

ಆರು ತಿಂಗಳಿಗೆ ಗಂಟಲು ಕೈಕೊಟ್ಟಿತು. ಮೈಕಿನ ಮುಂದೆ ಬಾಯಿ ತೆರೆದರೆ ಹಳೇ ಬಾಗಿಲಿನ ಕಿರ್‌ ಸದ್ದು. ಸ್ಟುಡಿಯೋದವರು ಕೋತಿಯನ್ನು ಬೇರೊಬ್ಬನ ಪಾಲು ಮಾಡಿದರು. "ಆ ದನಿ ಇನ್ನು ತೆಗೀಬೇಡಿ, ಇರೋದನ್ನೂ ಕಳ್ಕೋತೀರ," ಅಂದರು ಡಾಕ್ಟರು.

ಮನೆಗೆ ಬಂದವನು ಮೊಟ್ಟಮೊದಲ ಸಲ ತನ್ನ ಸ್ವಂತ ದನಿಯಲ್ಲಿ, "ಬಾ ಪುಟ್ಟೀ," ಅಂದ. ಪುಟ್ಟಿ ಕಿಟಾರನೆ ಕಿರುಚಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

"ನಾಳೆಯಿಂದ ನಾನು ಕೆಲಸಕ್ಕೆ ಹೋಗ್ಬೇಕು ಅತ್ತಿಗೆ," ಎಂದಳು ಅವನ ಹೆಂಡತಿ, ಪುಟ್ಟ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತ. "ಒಂದು ದಿನ ನೋಡ್ತೀನಿ. ಪುಟ್ಟಿ ಇವರ ಹತ್ತಿರ ಇರಲ್ಲ ಅಂದ್ರೆ ನಮ್ಮಮ್ಮನ ಹತ್ತಿರಾನೇ ಬೆಳೀಲಿ. ವಾರಕ್ಕೊಂದ್ಸಲ ಹೋಗಿ ನೋಡ್ಕೊಂಡು ಬರೋಣ."

"ತಾನು ಕೆಟ್ಟ ಕೋತಿ ವನಾನೂ ಕೆಡಿಸ್ತಂತೆ!" ಎಂದು ಅಕ್ಕ ರೇಗಿಸಿದಳು. ತಮ್ಮ ನಗಲಿಲ್ಲ.

ಮರುದಿನ ಮಗನನ್ನು ಶಾಲೆಗೆ ಬಿಟ್ಟು ಅಕ್ಕ ಅವನ ಮನೆಗೆ ಬಂದಳು. ಹೆಂಡತಿ ಆಗಲೇ ಹೊರಟಾಗಿತ್ತು. ಮಗಳು ತೊಡೆಯ ಮೇಲೆ, ಇವನ ಬಾಯಿಗೆ ಬೀಗ. ಮಾತಿನ ಮಲ್ಲ ಉಸಿರಾಡಲೂ ಹೆದರಿ ಕೂತಿದ್ದ!

"ಏನಾದ್ರೂ ಮಾತಾಡೋ, ಮೂಕಬಸವ!"

"ಮಾತಾಡಿದ್ರೆ ನಾನು ಯಾರೋ ಬೇರೆಯವನು ಅಂತ ಗೊತ್ತಾಗ್ಬಿಡುತ್ತಲ್ಲ ಅಕ್ಕಾ," ಎಂದು ಪಿಸುಗುಟ್ಟಿದ.

ಅಷ್ಟಕ್ಕೇ ಪುಟ್ಟಿಯ ಕೆಳದುಟಿ ನಡುಗಿತು. ಅಕ್ಕ ಅಭ್ಯಾಸಬಲದಿಂದ ಎರಡೂ ಕೈ ಚಾಚಿದಳು.

"ಬೇಡ," ಎಂದ ತಮ್ಮ. "ಒಂದು ಉಪಕಾರ ಮಾಡು. ಅಲ್ಲೇ ಕೂತಿರು. ನಾನೀಗ ನನ್ನ ದನಿಯಲ್ಲೇ ಜೋರಾಗಿ ಮಾತಾಡ್ತೀನಿ. ಅವಳು ಎಷ್ಟೇ ಅತ್ರೂ ನನ್ನ ಕೈಯಿಂದ ತಗೋಬೇಡ."